ಅವರೆಕಾಳಿನಂಥ ನಕ್ಷತ್ರ

ಸಂಸಾರದಲ್ಲಿ ‘ಚೆನ್ನಾಗಿದೆ’ ಎಂಬ ಪದದಷ್ಟು ದುಡಿಯುವ ಪದ ಇನ್ನೊಂದಿಲ್ಲ. ಉಪ್ಪು ಮರೆತ ಸಾರಿಗೂ ಅದೇ, ನಾದಿನಿ ಉಟ್ಟು ಬಂದ ಸೀರೆಗೂ ಅದೇ. ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಕ್ಕಳ ಪ್ರಬಂಧಗಳ ಕೆಳಗೆ ಆ ಪದವನ್ನು ಬರೆದೂ ಬರೆದೂ, ಈಗ ನನ್ನ ಕೈ ನನ್ನನ್ನು ಕೇಳದೆಯೇ ಅದನ್ನು ಬರೆದುಬಿಡುತ್ತದೆ. ಇದರಿಂದ ಯಾರಿಗೂ ಕೇಡಾಗಿಲ್ಲ ಎಂದೇ ನಂಬಿದ್ದೆ, ನನ್ನ ಗಂಡ ಟೆಲಿಸ್ಕೋಪು ಮಾಡಲು ಹೊರಡುವವರೆಗೆ.

ಮಹದೇವ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ. ನಾವಿರುವುದು ಬೈರಾಪಟ್ಟಣದಲ್ಲಿ, ಅತ್ತೆ ಮಾವನ ಜೊತೆ. ಊರಿನ ಬೇರೆ ಗಂಡಸರು ರಜೆಯಲ್ಲಿ ಇಸ್ಪೀಟು ಆಡಿದರೆ ಇವರು ಕೊಟ್ಟಿಗೆಯ ಮೂಲೆಯಲ್ಲಿ ಒಂದು ಡ್ರಮ್ಮಿಟ್ಟುಕೊಂಡು, ಅದರ ಮೇಲೆ ದಪ್ಪ ಗಾಜಿನ ಬಿಲ್ಲೆಯೊಂದನ್ನು ಕೂರಿಸಿ, ಒರಟು ಪುಡಿ ಉದುರಿಸಿ, ಇನ್ನೊಂದು ಗಾಜಿನಿಂದ ಉಜ್ಜುತ್ತಾ ಗಾಣದೆತ್ತಿನಂತೆ ಸುತ್ತುತ್ತಿದ್ದರು. ಹೀಗೆ ತಿಂಗಳುಗಟ್ಟಲೆ ಉಜ್ಜಿದರೆ ಗಾಜು ಬಟ್ಟಲಿನಂತೆ ತಗ್ಗಾಗಿ ಟೆಲಿಸ್ಕೋಪಿನ ಕನ್ನಡಿಯಾಗುತ್ತದಂತೆ. ಕೊಟ್ಟಿಗೆಯ ಹಸು ಮೊದಲು ಆ ಕರಕರ ಸದ್ದಿಗೆ ಬೆದರಿ ಹಾಲು ಕಡಿಮೆ ಮಾಡಿತು. ಆಮೇಲೆ ಆ ಸದ್ದಿಲ್ಲದಿದ್ದರೆ ಸೊರ ಬಿಡದಷ್ಟು ಒಗ್ಗಿಹೋಯಿತು. ನಾನೂ ಹಾಗೇ.

ಕನ್ನಡಿಗೆ ಹೊಳಪಿನ ಲೇಪ ಹಾಕಿಸುವ ಮುನ್ನ ಪರೀಕ್ಷೆಯಾಗಬೇಕು. ಅದಕ್ಕೆ ರಾತ್ರಿಯನ್ನು ಕಾಯುವ ತಾಳ್ಮೆ ಇವರಿಗಿರಲಿಲ್ಲ. ಭಾನುವಾರ ಬೆಳಿಗ್ಗೆ ತೆಂಗಿನ ತೋಟದ ಆ ತುದಿಯ ಪಂಪ್‌ಹೌಸ್ ಗೋಡೆಗೆ ಹಳೆ ಸೈಕಲ್ಲಿನ ಬೇರಿಂಗ್ ಗುಂಡೊಂದನ್ನು ಮೇಣದಲ್ಲಿ ಅಂಟಿಸಿ ಬಂದು, ಈ ತುದಿಯಲ್ಲಿ ಕನ್ನಡಿಯನ್ನೂ ನೋಡುಗಾಜನ್ನೂ ಕೊಳವೆಗೆ ಕೂರಿಸಿ ಅದರತ್ತ ತಿರುಗಿಸಿಟ್ಟರು. ಬಿಸಿಲು ಬಿದ್ದಾಗ ಆ ಗುಂಡು ಫಳ್ಳೆಂದು ಚುಕ್ಕಿಯಂತೆ ಮಿಂಚಿತು. ಮದುವೆಯಾದ ಮೇಲೆ ಹಗಲಲ್ಲೇ ನಕ್ಷತ್ರ ಕಾಣುತ್ತದೆ ಎಂದು ಗೆಳತಿಯರು ಹೇಳಿದ್ದು ಸುಳ್ಳಲ್ಲ.

“ಈ ತಿರುಪನ್ನ ಒಸಿ ತಿರುಗಿಸಿದ್ರೆ ಚುಕ್ಕಿ ಹರಡ್ಕೊಂಡು ಬಿಲ್ಲೆ ಆಯ್ತದೆ,” ಎಂದರು ಮಹದೇವ. “ಬಿಲ್ಲೆ ಗುಂಡಗಿದ್ರೆ ಕನ್ನಡಿ ಸರಿ ಐತೆ ಅಂತ. ಒಂದು ಕಡೆ ತಿರುಗಿಸಿದಾಗ ಉದ್ದಕ್ಕೆ ನಿಂತು, ಇನ್ನೊಂದು ಕಡೆಗೆ ಅಡ್ಡಡ್ಡ ಮಲಗಿದ್ರೆ ಅಸ್ಟಿಗ್ಮ್ಯಾಟಿಸಂ ಅಂತ. ಕನ್ನಡಿ ಒಂದೇ ಸಮ ಇಲ್ಲ, ಮತ್ತೆ ಉಜ್ಜಬೇಕು. ನೋಡೋನ ಕತ್ತು ತಿರುಗಿದಂಗೆ ಅದೂ ತಿರುಗಿದ್ರೆ ಮಾತ್ರ ದೋಷ ಕನ್ನಡೀದಲ್ಲ, ಕಣ್ಣಿಂದು.”

“ನೀವೇ ನೋಡ್ಬಾರ್ದಾ?”

“ನೋಡ್ದೆ. ನಂಗೆ ಗುಂಡಗೇ ಕಾಣ್ತು. ಆದ್ರೆ ಹೆತ್ತವರಿಗೆ ಹೆಗ್ಗಣ ಮುದ್ದು. ನೀನು ನೋಡಿ ಹೇಳು.”

ನೋಡಿದೆ. ಅವರೆಕಾಳು! ಒಂದು ಕಡೆ ತಿರುಗಿಸಿದರೆ ನೆಟ್ಟಗೆ ನಿಂತ ಅವರೆಕಾಳು, ಇನ್ನೊಂದು ಕಡೆ ತಿರುಗಿಸಿದರೆ ಮಲಗಿದ ಅವರೆಕಾಳು. ಪಕ್ಕದಲ್ಲಿ ಅವರು ಉಸಿರು ಬಿಗಿಹಿಡಿದು ನಿಂತಿದ್ದರು. ಉಜ್ಜಿ ಉಜ್ಜಿ ಬೆರಳ ತುದಿಗಳು ಸವೆದಿದ್ದವು. ಕತ್ತಿನ ಮಾತು ನನಗೆ ನೆನಪೇ ಆಗಲಿಲ್ಲ. “ಗುಂಡಗೈತೆ ಕಣ್ರೀ, ಚಕ್ರದಂಗೆ,” ಎಂದುಬಿಟ್ಟೆ.

ಆ ಮುಖ ಅರಳಿದ್ದು ನೋಡಿದರೆ ಇನ್ನೂ ನಾಲ್ಕು ಸುಳ್ಳು ಹೇಳಬಹುದಿತ್ತು. ಅದೇ ಖುಷಿಯಲ್ಲಿ ಮಾವನವರನ್ನು ಕರೆದರು. ಮಾವ ಒಂದು ಕಣ್ಣು ಮುಚ್ಚಿ ನೋಡಿ, “ಗುಂಡುಗೈತೆ ಕಣ್ಲಾ, ಮುದ್ದೆ ಇದ್ದಂಗೈತೆ,” ಎಂದರು. ಆಹಾ, ಎಂಥ ತಂದೆ! ಮಗನ ಮನಸ್ಸು ನೋಯಬಾರದೆಂದು ಎಷ್ಟು ಸಲೀಸಾಗಿ ಹೇಳಿದರು! ಮಾವನ ಮೇಲೆ ನನಗೆ ಗೌರವ ಉಕ್ಕಿ ಬಂತು.

ಆಮೇಲೆ ಅತ್ತೆ ಬಂದರು. ನಮ್ಮತ್ತೆ ದೇವರ ಮುಂದೆ ಕೈಮುಗಿದು ನಿಂತಾಗಲೂ “ಹಾರ ವಾರೆಯಾಗೈತಲ್ಲ ಪೂಜಾರಪ್ಪ” ಎನ್ನುವವರು. ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ‘ಚೆನ್ನಾಗಿದೆ’ ಎಂಬ ಮಾತನ್ನು ನಾನು ಕೇಳಿಲ್ಲ. ಅವರು ಸೆರಗು ಸಿಕ್ಕಿಸಿಕೊಂಡು ಬಗ್ಗಿ, ತಿರುಪನ್ನು ಆಚೆಗೂ ಈಚೆಗೂ ತಿರುಗಿಸಿ, ಬಹಳ ಹೊತ್ತು ನೋಡಿದರು. ನಾನು ದೇವರನ್ನು ನೆನೆದೆ.

“ಗುಂಡುಗೇ ಐತೆ,” ಎಂದರು ಅತ್ತೆ. “ಇಷ್ಟಕ್ಕೆ ಅಷ್ಟೊಂದು ದಿನ ಬೇಕಾಗಿತ್ತೇನ್ಲಾ?”

ಮಾವ ದಯೆಗಾಗಿ ಸುಳ್ಳು ಹೇಳಬಹುದು, ಅತ್ತೆ ಹೇಳುವವರಲ್ಲ. ಅಂದರೆ ಅದು ನಿಜವಾಗಿಯೂ ಗುಂಡಗಿದೆ! ಅವರು ಸರಿಯುತ್ತಲೇ ಮತ್ತೆ ಕಣ್ಣಿಟ್ಟೆ. ಅದೇ ಅವರೆಕಾಳು. ಮೆಲ್ಲಗೆ ಕತ್ತನ್ನು ಬಲಕ್ಕೆ ವಾಲಿಸಿದೆ, ಕಾಳೂ ಬಲಕ್ಕೆ ವಾಲಿತು. ಎಡಕ್ಕೆ ವಾಲಿಸಿದೆ, ಸಾಕಿದ ನಾಯಿಯಂತೆ ಎಡಕ್ಕೂ ಬಂತು.

“ಯಾಕೆ ಕತ್ತು ತಿರುಗಿಸ್ತಿದ್ದೀಯಾ?” ಎಂದರು ಮಹದೇವ.

ಹೇಳದೆ ಗತಿಯಿರಲಿಲ್ಲ. ಹೇಳಿದೆ. ಅವರು ತೊಟ್ಟಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಕನ್ನಡೀಲೇ ದೋಷ ಇದ್ದಿದ್ರೆ?” ಎಂದರು ನಿಧಾನವಾಗಿ. “ನೀನು ಗುಂಡಗೈತೆ ಅಂದೆ ಅಂತ ಹಂಗೇ ಲೇಪ ಹಾಕಿಸ್ಬುಡ್ತಿದ್ದೆ. ಜೀವಮಾನವೆಲ್ಲ ಅವರೆಕಾಳು ನೋಡ್ಕೊಂಡು, ಆಕಾಶವೇ ಹಂಗೈತೆ ಅಂದ್ಕೊಳ್ತಿದ್ದೆ. ನಿಜ ಹೇಳ್ತೀಯ ಅಂತ ತಾನೇ ನಿನ್ನ ಕರೆದಿದ್ದು?”

ದಯೆ ತೋರಿಸಿದೆ ಎಂದುಕೊಂಡಿದ್ದೆ. ಅವರಿಗೆ ಬೇಕಾಗಿದ್ದದ್ದು ದಯೆಯಲ್ಲ, ಎರಡನೆಯ ಕಣ್ಣು. ಅದನ್ನು ಕೊಡಲಿಲ್ಲವಲ್ಲ ಎಂದು ಆ ಇಡೀ ವಾರ ಅನ್ನಿಸುತ್ತಲೇ ಇತ್ತು.

ಚನ್ನಪಟ್ಟಣದ ಕಣ್ಣಿನ ಡಾಕ್ಟರು ಪರೀಕ್ಷಿಸಿ, “ಇಷ್ಟು ವರ್ಷ ಹೇಗೆ ಓದ್ತಿದ್ರಿ ಮೇಡಂ?” ಎಂದು ಬೆರಗಾದರು. ಮಕ್ಕಳ ಅಕ್ಷರ ಸೊಟ್ಟಗಿದೆ ಎಂದು ಬೈದುಕೊಂಡು ಓದುತ್ತಿದ್ದೆ ಎಂದು ಹೇಗೆ ಹೇಳಲಿ? ಕನ್ನಡಕ ಹಾಕಿಕೊಂಡು ತರಗತಿಗೆ ಹೋದರೆ, ನಮ್ಮ ಮಕ್ಕಳು ಅಷ್ಟೇನೂ ಕೆಟ್ಟದಾಗಿ ಬರೆಯುತ್ತಿರಲಿಲ್ಲ.

ಕನ್ನಡಿಗೆ ಲೇಪವಾಗಿ ಬಂದ ಮೇಲೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಟೆಲಿಸ್ಕೋಪು ಅಂಗಳಕ್ಕೆ ಬಂತು. ಮಹದೇವ ಗುರುಗ್ರಹ ಹಿಡಿದುಕೊಟ್ಟರು. ಕನ್ನಡಕದ ಸಮೇತ ಬಗ್ಗಿ ನೋಡಿದೆ. ಅಂಚು ಕೊರೆದಿಟ್ಟಂಥ ಪುಟ್ಟ ಬಿಲ್ಲೆ, ಪಕ್ಕದಲ್ಲಿ ಸಾಲಾಗಿ ಅದರ ಚಂದ್ರರು.

“ಹೆಂಗೈತೆ?” ಎಂದರು.

“ತುಂಬಾ ಚೆನ್ನಾಗೈತೆ ಕಣ್ರೀ,” ಎಂದೆ. ನನ್ನ ಜೀವನದಲ್ಲಿ ಆ ಮಾತನ್ನು ಅಷ್ಟು ನಿಜವಾಗಿ ಹೇಳಿದ್ದೇ ಇಲ್ಲ.

ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಅಡುಗೆಮನೆಯತ್ತ ತಿರುಗಿ, “ಅವ್ವಾ, ಒಸಿ ಬಾ ಇಲ್ಲಿ,” ಎಂದು ಕೂಗಿದರು. ಅತ್ತೆ ಬಂದರು, ನೋಡಿದರು. “ಏನ್ಲಾ ಇದು, ಇಷ್ಟು ಚಿಕ್ಕದಾಗೈತೆ?” ಎಂದರು. ಅದನ್ನು ಕೇಳಿ ನನ್ನ ಗಂಡನ ಮುಖ ಹೂವಿನಂತೆ ಅರಳಿದ್ದನ್ನು ನಾನು ಹೊಸ ಕನ್ನಡಕದಲ್ಲಿ ಬಹಳ ಸ್ಪಷ್ಟವಾಗಿ ಕಂಡೆ.