ನನ್ನ ರಿಲೀವೂ ರಟ್ಟೀಹಳ್ಳಿಯ ಸೊಂಟವೂ

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ, ಬರುತ್ತದೆ ಎಂದರೆ ಇನ್ನೂ ದೊಡ್ಡ ಸುಳ್ಳಾಗುತ್ತದೆ. ಇಪ್ಪತ್ತೆರಡು ವರ್ಷ ಸರಕಾರಿ ಗುಮಾಸ್ತಿಕೆ ಮಾಡಿ ನಾನು ಸಂಪಾದಿಸಿದ್ದು ಒಂದು ಹಿಡಿ ಕ್ರಿಯಾಪದ: ಫಾರ್ವರ್ಡ್, ಸಬ್‌ಮಿಟ್, ರಿಜೆಕ್ಟ್, ರಿಲೀವ್. ಇವುಗಳ ಬೆನ್ನಿಗೆ ನಮ್ಮ ‘ಮಾಡು’ ಹಚ್ಚಿದರೆ ಅಧಿಕಾರ ನಮ್ಮ ಕೈಯಲ್ಲಿ. ‘ಆಗು’ ಹಚ್ಚಿದರೆ ನಾವು ಇನ್ನೊಬ್ಬರ ಕೈಯಲ್ಲಿ. ಮೊದಲ ಮೂರನ್ನು ನಾನು ಮನಸಾರೆ ಮಾಡಿದ್ದೇನೆ, ಅದರಲ್ಲೂ ರಿಜೆಕ್ಟನ್ನು ಸ್ವಲ್ಪ ಹೆಚ್ಚೇ. ನಾಲ್ಕನೆಯದನ್ನು ಮಾಡುವ ಕುರ್ಚಿ ನನಗೆ ಸಿಗಲಿಲ್ಲ. ಅದು ನನಗೆ ಆಗಬೇಕಿತ್ತು, ಆಗಲೊಲ್ಲದಾಗಿತ್ತು. ಈ ಮಳೆಗಾಲದ ಐದು ವಾರ ನನ್ನನ್ನು ಕುಂತಲ್ಲಿ ಕೂರಗೊಡದ, ನಿಂತಲ್ಲಿ ನಿಲ್ಲಗೊಡದ ಕತೆ ಇಷ್ಟೇ.

ನನ್ನ ಮನೆ ಸವಣೂರಿನಲ್ಲಿ, ಕಚೇರಿ ಹಾನಗಲ್ಲಿನಲ್ಲಿ. ಆರು ವರ್ಷ ದಿನಾ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಬಂಕಾಪುರದಲ್ಲಿ ಬಸ್ ಬದಲಿಸಿ, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಿದ್ದೇನೆ. ಈ ಸಲ ನನ್ನ ಪುಣ್ಯಕ್ಕೆ ಸವಣೂರಿನಲ್ಲೊಂದು ಕುರ್ಚಿ ಖಾಲಿಯಾಗಿ ವರ್ಗಾವಣೆಯ ಆದೇಶ ಬಂತು. ಆದೇಶದ ಪ್ರತಿ ಹಿಡಿದು ಸಾಹೇಬರ ಮುಂದೆ ನಿಂತೆ. ಅವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಭಾಳ ಚಲೋ ಆತ್ರಿ. ಆದ್ರ ನಿಮ್ಮ ಬದಲಿ ಬಂದು ಹಾಜರಾಗೂತನಕ ನಿಮ್ಮನ್ನ ರಿಲೀವ್ ಮಾಡಾಕ ಬರೂದಿಲ್ಲ” ಅಂದರು. ಇತ್ತ ಶಿಗ್ಗಾಂವಿಯ ಒಬ್ಬರು ಅದೇ ಸವಣೂರಿನ ಕುರ್ಚಿಗೆ ಕಣ್ಣು ಹಾಕಿ ಓಡಾಡುತ್ತಿದ್ದಾರೆಂಬ ಸುದ್ದಿಯೂ ಬಂತು. ತಿಂಗಳೊಪ್ಪತ್ತಿನಲ್ಲಿ ನಾನು ಹೋಗಿ ಹಾಜರಾಗದಿದ್ದರೆ ಆ ಕುರ್ಚಿ ಅವರದು, ಬಂಕಾಪುರದ ಬಸ್‌ಸ್ಟ್ಯಾಂಡು ನನ್ನದು.

ಇದರ ಮೇಲೆ ಇನ್ನೊಂದು ಅವಘಡ ನಡೆದುಹೋಗಿತ್ತು. ಆದೇಶ ಬಂದ ದಿನವೇ ನಮ್ಮ ಹೆಡ್‌ ಕ್ಲಾರ್ಕ್ ಖಾದರಸಾಬರು ಉತ್ಸಾಹ ತಾಳಲಾರದೆ ಬೀಳ್ಕೊಡುಗೆ ಸಮಾರಂಭ ಮುಗಿಸಿಬಿಟ್ಟಿದ್ದರು. ಶಾಲು, ಹಾರ, ಮಿರ್ಚಿ, ಗಿರ್ಮಿಟ್ಟು. ನನ್ನಂಥ ನೌಕರ ಇನ್ನು ಸಿಗುವುದಿಲ್ಲ ಎಂದು ಮೂವರು ಮಾತಾಡಿದರು, ನಾನೂ ಕಣ್ಣೊರೆಸಿಕೊಂಡು ಎರಡು ಮಾತಾಡಿದೆ. ಮರುದಿನ ಬೆಳಿಗ್ಗೆ ಅದೇ ಡಬ್ಬಿ ಹಿಡಿದು ಒಳಗೆ ಕಾಲಿಟ್ಟಾಗ ಖಾದರಸಾಬರು ತಲೆಯೆತ್ತಿ, “ಇದೇನ್ರಿ, ಮತ್ತ ಬಂದ್ರಿ? ನಿನ್ನೆ ಅತ್ತಿದ್ದೆಲ್ಲಾ ನೀರಾಗ ಹೋಮ ಮಾಡಿದಂಗಾತಲ್ರಿ” ಅಂದರು. ನನ್ನ ಟೇಬಲ್ಲಿಗೆ ಆಗಲೇ ಹೊಸ ಕಂಪ್ಯೂಟರು ಬಂದು ಕೂತಿತ್ತು. ನಾನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬೀಳ್ಕೊಡುಗೆಯಾದ ಮೇಲೂ ಬರುವ ಮನುಷ್ಯನನ್ನು ಜನ ಹೇಗೆ ನೋಡುತ್ತಾರೆಂಬುದನ್ನು ಅನುಭವಿಸಿಯೇ ತಿಳಿಯಬೇಕು. ಯಾರೂ ಕೆಲಸ ಹೇಳುವುದಿಲ್ಲ, ಯಾರೂ ಹೋಗು ಅನ್ನುವುದಿಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ನನ್ನ ಬದಲಿ ಬಂದನೇ ಎಂದು ಎದ್ದು ನಿಲ್ಲುತ್ತಿದ್ದೆ. ಅರ್ಜಿ ಕೊಡಲು ಬಂದ ರೈತರು ನನ್ನ ಮರ್ಯಾದೆ ಕಂಡು ಗಾಬರಿಯಾಗುತ್ತಿದ್ದರು.

ಕೆಲಸವಿಲ್ಲದವನಿಗೆ ನಿಘಂಟೇ ಗತಿ. ಹೈಸ್ಕೂಲಿನಲ್ಲಿ ಬಹುಮಾನ ಬಂದಿದ್ದ, ಈಗ ರಟ್ಟು ಹರಿದ ನಿಘಂಟಿನಲ್ಲಿ ಈ ರಿಲೀವ್ ಎಂಬುದನ್ನು ಹುಡುಕಿದೆ. ನೋವು ಇಳಿಸು ಅಂತ ಒಂದರ್ಥ. ಹೊರೆ ತಗ್ಗಿಸು ಅಂತ ಇನ್ನೊಂದು. ಕಾವಲಿನವನ ಪಾಳಿ ಮುಗಿದಾಗ ಅವನ ಜಾಗಕ್ಕೆ ಹೋಗಿ ನಿಲ್ಲುವುದೂ ರಿಲೀವೇ, ಮುತ್ತಿಗೆಗೆ ಸಿಕ್ಕ ಊರನ್ನು ಬಿಡಿಸುವುದೂ ರಿಲೀವೇ. ಬಯಲಿಗೆ ಹೋಗಿ ಹಗುರಾಗುವುದಕ್ಕೂ ಇಂಗ್ಲಿಷರು ಮರ್ಯಾದೆಯಿಂದ ಇದನ್ನೇ ಅನ್ನುತ್ತಾರಂತೆ. ಇನ್ನು ಕಿಸೆಗಳ್ಳರು ಮಾಡುವ ಕೆಲಸಕ್ಕೂ ತಮಾಷೆಗೆ ಇದೇ ಮಾತು. ಆ ಲೆಕ್ಕದಲ್ಲಿ ಹೋದ ವರ್ಷ ಬಂಕಾಪುರದ ಸ್ಟ್ಯಾಂಡಿನಲ್ಲಿ ಯಾರೋ ಪುಣ್ಯಾತ್ಮರು ನನ್ನನ್ನು ನನ್ನ ಛತ್ರಿಯಿಂದ ರಿಲೀವ್ ಮಾಡಿದ್ದರು, ಅದೂ ಯಾವ ಆದೇಶವೂ ಇಲ್ಲದೆ. ನಮ್ಮ ಕಚೇರಿಗಳ ಕನ್ನಡದಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ‘ಬಿಡುಗಡೆಗೊಳಿಸಲಾಗಿದೆ’ ಎಂದರೆ ಮುಗಿಯಿತು. ಜೈಲಿನ ಕೈದಿಗೂ ಅದೇ, ಕಾಲುವೆಯ ನೀರಿಗೂ ಅದೇ, ಸಿನಿಮಾಕ್ಕೂ ಅದೇ. ಅವೆಲ್ಲಕ್ಕೂ ಆಗುತ್ತದೆ, ಗುಮಾಸ್ತನಿಗೆ ಮಾತ್ರ ಬದಲಿ ಬರಬೇಕು.

ಆ ಬದಲಿ ಎಲ್ಲಿ ಸಿಕ್ಕಿಬಿದ್ದಿದ್ದಾನೆಂದು ಖಾದರಸಾಬರು ನಾಲ್ಕು ಕಡೆ ಫೋನು ಹಚ್ಚಿ ಪತ್ತೆ ಮಾಡಿದರು. ನನ್ನ ಜಾಗಕ್ಕೆ ಬರಬೇಕಾದವರು ಹಿರೇಕೆರೂರಿನಲ್ಲಿದ್ದರು. ಅವರ ಬದಲಿ ಬರದೆ ಅವರನ್ನೂ ಬಿಡುವಂತಿರಲಿಲ್ಲ. ಆ ಬದಲಿ ರಟ್ಟೀಹಳ್ಳಿಯ ಚನ್ನಬಸಪ್ಪನವರು. ಅವರು ಸೊಂಟ ಹಿಡಿದುಕೊಂಡು ಹಾಸಿಗೆ ಸೇರಿದ್ದರು. “ನೋಡ್ರಿ, ಆ ಸೊಂಟ ರಿಲೀವ್ ಆದ್ರ ಹಿರೇಕೆರೂರಿನವ್ರು ರಿಲೀವ್ ಆಗ್ತಾರ. ಅವ್ರು ಆದ್ರ ನೀವು ಆಗ್ತೀರಿ. ನೀವು ಆದ್ರ ನಮಗೂ ಒಂಚೂರು ಆಗ್ತೈತಿ” ಎಂದು ಖಾದರಸಾಬರು ನಕ್ಕರು. ನಾಲ್ಕು ಊರಿನ ಆಡಳಿತ ಒಬ್ಬ ಮನುಷ್ಯನ ಸೊಂಟದ ಮೇಲೆ ನಿಂತಿದೆಯೆಂದು ಗೊತ್ತಾದ ಮೇಲೆ ನನಗೆ ಊಟ ರುಚಿಸಲಿಲ್ಲ.

ಖಾದರಸಾಬರ ಸೋದರಮಾವ ಸವಣೂರಿನಲ್ಲಿ ನೋವಿನ ಎಣ್ಣೆ ಕಾಯಿಸುತ್ತಾರೆ. ಭಾನುವಾರ ಆ ಎಣ್ಣೆಯ ಬಾಟಲಿಯನ್ನು ವಸ್ತ್ರದಲ್ಲಿ ಸುತ್ತಿಕೊಂಡು, ಜೊತೆಗೊಂದು ಕಟ್ಟು ಸವಣೂರ ವೀಳ್ಯದೆಲೆ ತೆಗೆದುಕೊಂಡು ರಟ್ಟೀಹಳ್ಳಿಗೆ ಹೋದೆ. ಮುಖ ಕಂಡಿಲ್ಲದ ಮನುಷ್ಯನ ಸೊಂಟ ವಿಚಾರಿಸಲು ಹೋದದ್ದು ಜೀವನದಲ್ಲಿ ಅದೇ ಮೊದಲು. ಚನ್ನಬಸಪ್ಪನವರು ಮಂಚದ ಮೇಲೆ ಅಡ್ಡಾಗಿದ್ದರು. “ಏನ್ ಹೇಳೂದ್ರಿ, ಕುಂದ್ರಾಕೂ ಆಗವಲ್ದು, ನಿಂದ್ರಾಕೂ ಆಗವಲ್ದು” ಅಂದರು. “ನನಗೂ ಹಂಗ ಆಗೇತ್ರಿ” ಅಂದೆ. ಅವರು ಮರುಕದಿಂದ, “ನಿಮಗೂ ಸೊಂಟಾನs?” ಎಂದು ಕೇಳಿದರು. ಅಲ್ಲ, ನಿಮ್ಮ ಸೊಂಟ ಎಂದು ಹೇಗೆ ಹೇಳಲಿ? ಎಣ್ಣೆ ಕೊಟ್ಟು, ಹಚ್ಚುವ ಕ್ರಮ ಹೇಳಿ, ಅಷ್ಟಕ್ಕೆ ಸಮಾಧಾನವಾಗದೆ ತೋಳು ಮೇಲೇರಿಸಿ ಮೊದಲ ಸಲ ನಾನೇ ಹಚ್ಚಿ ಬಂದೆ. ಎಣ್ಣೆಯ ಗುಣವೋ, ನನ್ನಂಥ ಅಪರಿಚಿತ ಮತ್ತೆ ಬಂದು ತಿಕ್ಕಿಯಾನೆಂಬ ಭಯವೋ, ಒಂಬತ್ತನೆಯ ದಿನಕ್ಕೆ ಅವರು ಹಿರೇಕೆರೂರಿನಲ್ಲಿ ಹಾಜರಾದರು. ಹನ್ನೊಂದನೆಯ ದಿನ ನನ್ನ ಬದಲಿ ಹಾನಗಲ್ಲಿಗೆ ಬಂದರು. ಅದೇ ಮಧ್ಯಾಹ್ನ ನನ್ನ ಕೈಗೆ ಬಿಡುಗಡೆಯ ಪತ್ರ ಬಂತು, ಮರುದಿನ ಸವಣೂರಿನ ಕುರ್ಚಿಯಲ್ಲಿ ಕೂತೆ. ಎರಡನೆಯ ಸಲ ಯಾರೂ ಶಾಲು ಹೊದಿಸಲಿಲ್ಲ.

ಅಂದು ಮನೆಗೆ ಐದೂವರೆಗೇ ಬಂದೆ. ಗೆದ್ದು ಬಂದವನ ಗತ್ತಿನಲ್ಲಿ ಹೆಂಡತಿ ನೀಲಾಳಿಗೆ, “ಅಂತೂ ರಿಲೀವ್ ಆದ್ನಿ ನೋಡು. ನಾಳಿಂದ ಡಬ್ಬಿ ಬ್ಯಾಡ. ಮಧ್ಯಾಹ್ನ ಮನೀಗೇ ಬರ್ತೇನಿ, ಬಿಸಿ ರೊಟ್ಟಿ ತಿಂತೇನಿ” ಅಂದೆ.

ಅವಳು ಕೈಯಲ್ಲಿದ್ದ ಚೌಳಿಕಾಯಿ ಕೆಳಗಿಟ್ಟು ಕೇಳಿದಳು: “ಅಲ್ರಿ, ಅತ್ತಿ ಈ ಅಡಗಿಮನಿ ಚಾರ್ಜ್ ನನಗ ಕೊಟ್ಟು ಇಪ್ಪತ್ತಾರು ವರ್ಷ ಆತು. ನನ್ನ ಬದಲಿ ಯಾವಾಗ ಹಾಜರ್ ಆಗ್ತಾರ?”

ನಾನು ನಕ್ಕೆ. ಅವಳು ನಗಲಿಲ್ಲ. ಆರು ವರ್ಷ ನಾನು ಬಸ್ಸಿನ ಕಷ್ಟವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಏಳರ ಬಸ್ಸಿಗೆ ಡಬ್ಬಿ ಸಿದ್ಧವಾಗಬೇಕಾದರೆ ಯಾರೋ ಐದಕ್ಕೆ ಏಳಬೇಕು ಎಂಬುದು ನನ್ನ ಮಾತಿನಲ್ಲಿ ಒಂದು ಸಲವೂ ಬಂದಿರಲಿಲ್ಲ. ಆ ಕ್ಷಣಕ್ಕೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆಯಾದಾಗ ಗಂಡಸರು ಮಾಡುವ ತಪ್ಪನ್ನೇ ನಾನೂ ಮಾಡಿದೆ, ದೊಡ್ಡ ಮಾತಾಡಿದೆ. “ನಾನs ನಿನ್ನ ಬದಲಿ. ನಾಕ್ ದಿನ ಹಿರೇಬೆಂಡಿಗೇರಿಗೆ ಅಕ್ಕನ ಮನೀಗೆ ಹೋಗಿ ಬಾ” ಅಂದೆ.

ಮರುದಿನ ಬೆಳಿಗ್ಗೆ ಅವಳು ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಚಾರ್ಜ್ ಲಿಸ್ಟ್ ಬರೆದುಕೊಂಡು ಬಂದಳು. ಹಾಲು ಇಟ್ಟಲ್ಲಿಂದ ಕದಲಬಾರದು, ಎಡಗಡೆ ಒಲೆ ಜೋರು, ಬೆಕ್ಕಿಗೆ ಅಡುಗೆಮನೆಯ ಜಾಲರಿ ಬಾಗಿಲು ತೆಗೆಯಲು ಬರುತ್ತದೆ, ಹೀಗೆ ಎರಡು ಪುಟ. “ಸಹಿ ಮಾಡ್ರಿ” ಅಂದಳು. ನಗುತ್ತ ಮಾಡಿದೆ. ಅವಳು ಸಣ್ಣ ಚೀಲ ಹಿಡಿದು ಬಸ್ಸು ಹತ್ತಿದಳು, ಹಿಂತಿರುಗಿ ನೋಡಲಿಲ್ಲ. ನನ್ನ ರೊಟ್ಟಿಗಳು ಮೊದಲ ದಿನ ನಾಲ್ಕೂ ತಾಲ್ಲೂಕಿನ ನಕ್ಷೆಯಂತೆ ಬಂದವು, ಮೂರನೆಯ ದಿನಕ್ಕೆ ಹಾನಗಲ್ ತಾಲ್ಲೂಕು ತಕ್ಕಮಟ್ಟಿಗೆ ದುಂಡಗಾಯಿತು. ಹಾಲು ಎರಡು ಸಲ ಉಕ್ಕಿತು. ಬಾಗಿಲು ಕಿರ್ ಎಂದಾಗಲೆಲ್ಲ ಹಾನಗಲ್ಲಿನ ಚಾಳಿಯಂತೆ ಎದ್ದು ನಿಂತೆ. ಪ್ರತಿ ಸಲವೂ ಬೆಕ್ಕು.

ಐದನೆಯ ದಿನ ನೀಲಾಳ ಫೋನು ಬಂತು. “ಅಕ್ಕನ ಸೊಂಟ ಹಿಡದೈತ್ರಿ. ಆಕಿಗೆ ಆರಾಮ ಆಗೂತನಕ ನಾ ಬರಾಕ ಆಗೂದಿಲ್ಲ” ಅಂದಳು. ಹಿಂದಿನಿಂದ ಅಕ್ಕ ಬಿದ್ದು ಬಿದ್ದು ನಗುವುದು ಸ್ಪಷ್ಟವಾಗಿ ಕೇಳಿಸಿತು. ಸೊಂಟ ಹಿಡಿದವರು ಅಷ್ಟು ನಗಲಾರರು ಎಂಬುದು ರಟ್ಟೀಹಳ್ಳಿಯ ಅನುಭವದಿಂದ ನನಗೆ ಗೊತ್ತು. “ಎಣ್ಣಿ ಬಾಟ್ಲಿ ತಗೊಂಡು ಬರ್ಲೇನು?” ಅಂದೆ. “ಬ್ಯಾಡ್ರಿ. ಚಾರ್ಜ್ ಬಿಟ್ಟು ಹೆಂಗ ಬರ್ತೀರಿ?” ಎಂದು ಫೋನು ಇಟ್ಟಳು.

ಎಷ್ಟು ದಿನವೆಂದು ಎಲ್ಲಾದರೂ ಬರೆದಿರಬಹುದೆಂದು ಚಾರ್ಜ್ ಲಿಸ್ಟು ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ ‘ಚಾರ್ಜ್ ವಾಪಸ್ ತೆಗೆದುಕೊಳ್ಳುವ ತಾರೀಖು’ ಎಂದಿತ್ತು. ಅದರ ಮುಂದೆ ಖಾಲಿ, ಖಾಲಿಯ ಕೆಳಗೆ ನನ್ನ ಸಹಿ. ಇಪ್ಪತ್ತೆರಡು ವರ್ಷದಲ್ಲಿ ತಾರೀಖಿಲ್ಲದ ಒಂದೇ ಒಂದು ಅರ್ಜಿಯನ್ನೂ ನಾನು ರಿಜೆಕ್ಟ್ ಮಾಡದೆ ಬಿಟ್ಟವನಲ್ಲ.