ಮಗಳ ಹಸಿವು, ನಮ್ಮ ಉಪವಾಸ

ಹಸಿವು ಬಿಡಾರ ಹೂಡಿದ ಮನೆಯಲ್ಲಿ ನಗೆಗೆ ಬರವಿಲ್ಲ. ನಕ್ಕವರು ಆಮೇಲೆ ತಲೆ ತಗ್ಗಿಸಿ ಕೂತದ್ದೂ ಉಂಟು. ಆಗ ಅಮೆರಿಕದ ಸಾಂಟಾ ಕ್ಲಾರಾದ ನಮ್ಮವರ ಮನೆಗಳಲ್ಲೆಲ್ಲ ಕಂಪನಿಯ ಷೇರು ಏರಿದ ಮಾತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಹದಿನಾಲ್ಕರ ಮಗಳ ತೂಕ ಏರಿದ ಮಾತು. ಅದನ್ನೇ ನಾವು ಆಡಿ ಆಡಿ ಅವಳು ನಮ್ಮೊಡನೆ ಊಟಕ್ಕೆ ಕೂರುವುದನ್ನೇ ಬಿಟ್ಟಳು. ತಟ್ಟೆ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಅವಳು ಮತ್ತೆ ನಮ್ಮ ಪಕ್ಕ ಕೂತು ಉಂಡರೆ ಸಾಕು ಎಂಬುದೇ ನನ್ನ ನಿತ್ಯದ ಪ್ರಾರ್ಥನೆಯಾಯಿತು.

೧. ತಾತನ ಪಾಯಸ

ಸೂಜಿ ಚುಚ್ಚಿ ತೆಗೆದ ಮಗಳ ರಕ್ತದಲ್ಲಿ ಸಕ್ಕರೆ ಗಡಿ ಮುಟ್ಟಿತ್ತು. ನಿಮ್ಮ ಮನೆತನದಲ್ಲಿ ಅತಿಯಾಗಿ ಉಣ್ಣುವವರಿದ್ದರೇ ಎಂದು ಡಾಕ್ಟರಮ್ಮ ಕೇಳಿದರು. ನನಗೋ ಹೆಮ್ಮೆ. ನಮ್ಮ ತಾತ ಮದುವೆಯೂಟ ಮುಗಿಸಿದ ಮೇಲೂ ಪಂಥ ಕಟ್ಟಿ ಕೊಳದಪ್ಪಲೆ ತುಂಬ ಪಾಯಸ ಕುಡಿಯುತ್ತಿದ್ದುದನ್ನು, ಅದನ್ನು ನೋಡಲು ಪಕ್ಕದೂರಿನವರು ಬರುತ್ತಿದ್ದುದನ್ನು ವಿಸ್ತಾರವಾಗಿ ಹೇಳಿದೆ. ನನ್ನಾಕೆ ಬಿಡುವಳೇ? ತನ್ನ ಸೋದರತ್ತೆ ಒಬ್ಬರೇ ಕೂತು ಇಡೀ ಹಲಸಿನಹಣ್ಣು ಮುಗಿಸುತ್ತಿದ್ದರೆಂದಳು. ಕಣ್ಣು ಮೂಗಿನ ಹಾಗೆ ಹಸಿವೂ ವಂಶದಿಂದ ಬರುವುದುಂಟು, ಇದು ಮಗುವಿನ ತಪ್ಪಲ್ಲ ಎಂದರು ಡಾಕ್ಟರಮ್ಮ.

ಮಗಳು ನನ್ನ ಮುಖ ನೋಡಿದಳು. "ಅವರಿಗೆ ಚಪ್ಪಾಳೆ, ನಂಗೆ ಸೂಜೀನಾ ಅಪ್ಪ?"

೨. ಎರಡು ಕೈ

ಡ್ಯಾನ್‌ವಿಲ್‌ನಲ್ಲಿ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆ. ಮನೆಯಾಕೆ ಎಡಗೈಯಲ್ಲಿ ನಮ್ಮ ಹುಡುಗಿಯ ಭುಜ ಸವರಿ, ಸ್ವಲ್ಪ ಬಾಯಿ ಕಟ್ಟಬೇಕು ಪುಟ್ಟಿ, ನಾಳೆ ಮದುವೆಯಾಗುವವಳು ಎಂದು ಬುದ್ಧಿ ಹೇಳುತ್ತಿದ್ದರು. ಬಲಗೈ ಅವಳ ತಟ್ಟೆಗೆ ಹೋಳಿಗೆ ಹಾಕುತ್ತಿತ್ತು. ಬೇಡವೆಂದರೆ ಪೂಜೆಯ ದಿನ ಬೇಡ ಅನ್ನಬಾರದಂತೆ.

"ಆಂಟಿ, ನಾನು ಯಾವ ಕೈ ಮಾತು ಕೇಳ್ಲಿ?"

ಮನೆ ತುಂಬ ನಗು. ಮನೆಗೆ ಮರಳುವಾಗ ಫ್ರೀವೇ ಉದ್ದಕ್ಕೂ ಅವಳು ಕಾರಿನ ಕಿಟಕಿಯ ಕಡೆ ತಿರುಗಿಯೇ ಇದ್ದಳು.

೩. ಏಕಾದಶಿ

ಡಾಕ್ಟರ ಮಾತಿಗಿಂತ ವ್ರತ ಮೇಲೆಂದು ನಂಬಿ, ಏಕಾದಶಿಗೆ ಮೂವರೂ ಬರೀ ನೀರಿನಲ್ಲಿರೋಣ ಎಂದೆ. ಮಗಳು ಎದುರಾಡದೆ ಒಪ್ಪಿದಳು. ಸಂಜೆಯಾಗುವಾಗ ನನ್ನ ಸಹಸ್ರನಾಮ ತಪ್ಪತೊಡಗಿತು. ಕಣ್ಣು ದೇವರನ್ನು ಬಿಟ್ಟು ಅಡುಗೆಮನೆ ಸೇರಿತ್ತು. ಅವಳು ತಣ್ಣಗೆ ಕೂತು ಶಾಲೆಯ ಪಾಠ ಬರೆಯುತ್ತಿದ್ದಳು. ನಿನಗೇನೂ ಅನ್ನಿಸುತ್ತಿಲ್ಲವೇ, ನನಗೆ ಹಸಿವಿನಿಂದ ಕರುಳು ಕಿತ್ತು ಬರುತ್ತಿದೆ ಎಂದೆ.

"ಇಷ್ಟೇನಾ? ನಂಗೆ ಊಟ ಆದ್ಮೇಲೂ ಇಷ್ಟು ಇರುತ್ತೆ ಅಪ್ಪ."

ದೂರಿನ ದನಿಯಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು. ಎದ್ದು ಹೋಗಿ ಅನ್ನಕ್ಕಿಟ್ಟೆ.

"ರೀ, ಏಕಾದಶಿ" ಎಂದಳು ನನ್ನಾಕೆ. ಮೂರು ತಟ್ಟೆ ಹಾಕಿದೆ. ಮಗಳು ತನ್ನದನ್ನು ಎತ್ತಿಕೊಂಡು ಕೋಣೆಯ ಬಾಗಿಲು ನೋಡಿದಳು; ನನ್ನನ್ನು ನೋಡಿದಳು; ಪಕ್ಕಕ್ಕೆ ಬಂದು ಕೂತಳು. ಕಲಸಿದ ತುತ್ತು ಹಿಡಿದ ನನ್ನ ಕೈ ದೇವರ ಪಟ ಕಂಡು ಅಲ್ಲೇ ನಿಂತಿತು.

"ತಿನ್ನು ಅಪ್ಪ" ಎಂದಳು. "ದೇವ್ರು ಕೇಳಿದ್ರೆ, ನಮ್ದು ವಂಶದ ಹಸಿವು ಅಂತ ಹೇಳು."