ಸೋತವನ ಅಂಕ

ದರ್ಜಿ: ಅಲ್ಲ ಸಾರ್, ಚೆಸ್ ಆಡಿದ್ದು ನಾನು, ಗೆದ್ದಿದ್ದು ನಾನು. ನನ್ನ ಬಹುಮಾನದ ಕಪ್ಪಿಗೆ ಊರವರ ಅಂಕ ಯಾಕ್ರೀ?

ತೀರ್ಪುಗಾರ: ನಿಮಗೂ ನಾಲ್ಕು, ಗಡಿಯಾರದ ಅಂಗಡಿಯವರಿಗೂ ನಾಲ್ಕು. ಸಮ ಬಂದಾಗ, ನೀವು ಯಾರ್ಯಾರ ಜೊತೆ ಆಡಿದ್ರೋ ಅವರ ಅಂಕಗಳನ್ನೆಲ್ಲ ಕೂಡ್ತೀವಿ. ಗಟ್ಟಿ ಎದುರಾಳಿಗಳು ಸಿಕ್ಕಿದವರು ಮೇಲೆ.

ದರ್ಜಿ: ಕೂಡಿದ್ರೆ?

ತೀರ್ಪುಗಾರ: ಇಬ್ಬರಿಗೂ ಹದಿನೈದು. ಇನ್ನೊಂದೇ ಆಟ ಬಾಕಿ, ನಿಮ್ಮ ಭಾವಮೈದನಿಗೂ ಬೇಕರಿಯವರಿಗೂ. ನೀವು ಸೋಲಿಸಿದ ಭಾವಮೈದ ಗೆದ್ರೆ ನಿಮಗೆ ಹದಿನಾರು. ಗಡಿಯಾರದವರ ಜೊತೆ ಆಡಿದ ಬೇಕರಿಯವರು ಗೆದ್ರೆ ಅವರಿಗೆ.

ದರ್ಜಿಯ ಮುಖ ಇಸ್ತ್ರಿ ಕಾಣದ ಬಟ್ಟೆಯಂತಾಯಿತು. ಮೊದಲ ಸುತ್ತಿನಲ್ಲಿ ಹನ್ನೆರಡೇ ನಡೆಯಲ್ಲಿ ಹೆಂಡತಿಯ ತಮ್ಮನನ್ನು ಸೋಲಿಸಿ, ಮಧ್ಯಾಹ್ನದವರೆಗೂ 'ಪೆದ್ದಯ್ಯ' ಎಂದು ಕರೆದದ್ದು ಇದೇ ಬಾಯಿ. ಅಂಗಡಿಯಲ್ಲಿ ಹೆಂಡತಿಯಿಂದ ಗುಂಡಿ ಡಬ್ಬಿಗಳನ್ನು ಸರಿಸಿ ಕಪ್ಪಿಗೆ ಜಾಗ ಮಾಡಿಸಿದ್ದೂ ಆಗಿತ್ತು. ಆ ಕೊನೆಯ ಆಟ ನಡೆಯುತ್ತಿದ್ದ ಮೂಲೆಯ ಮೇಜಿಗೆ ಓಡಿದ.

ದರ್ಜಿ: ಟೀ ತರಲೇನಪ್ಪಾ?

ಭಾವಮೈದ: (ತಲೆಯೆತ್ತದೆ) ಪೆದ್ದರು ಟೀ ಕುಡೀತಾರಾ ಭಾವ?

ದರ್ಜಿ: ಯಾವನೋ ಹಾಗಂದಿದ್ದು?

ಭಾವಮೈದ: ನೀವೇ. ಮೈಕಿನಲ್ಲಿ.

ದರ್ಜಿ: ಅದು ಪ್ರೀತಿಗೆ ಕಣೋ!

ಬೇಕರಿಯವರು: ಸಾರ್, ಹೇಳಿಕೊಡ್ತಿದ್ದಾರೆ ನೋಡಿ!

ತೀರ್ಪುಗಾರ: ಆಟದ ಮಾತು ಆಡೋ ಹಾಗಿಲ್ಲ. ಹೊಗಳಿದ್ರೆ ಅಡ್ಡಿಯಿಲ್ಲ.

ಭಾವಮೈದ: ಹಾಗಾದ್ರೆ ಹೊಗಳಿ ಭಾವ. ಬಾಗಿಲ ಹತ್ರ ನಿಂತವರಿಗೂ ಕೇಳ್ಬೇಕು.

ದರ್ಜಿ: (ಗಂಟಲು ಸರಿಮಾಡಿಕೊಂಡು) ನನ್ನ ಹೆಂಡತಿ ತಮ್ಮ ಮಹಾ ಜಾಣ! ಬೆಳಿಗ್ಗೆ ನಾನು ಗೆದ್ದಿದ್ದು ಬರೀ ಅದೃಷ್ಟ!

ಭಾವಮೈದ: ಸಕ್ಕರೆ ಎರಡು ಚಮಚ.

ಟೀ ಬಂತು. ಅವನು ನಿಧಾನವಾಗಿ ಒಂದು ಗುಟುಕು ಹೀರಿ ಆನೆಯನ್ನು ಪಕ್ಕದ ಮನೆಗೆ ದೂಡಿದ. ಬೇಕರಿಯವರು ಹಲಗೆಯನ್ನು ದಿಟ್ಟಿಸಿ, ಸೋಲೊಪ್ಪಿ ತಮ್ಮ ರಾಜನನ್ನು ತಾವೇ ಮಲಗಿಸಿದರು.

ದರ್ಜಿ: ಹದಿನಾರು! ಕಪ್ಪು ನಂದು!

ತೀರ್ಪುಗಾರ: ತಡೀರಿ. ಈಗ ನಿಮ್ಮ ಭಾವಮೈದನಿಗೂ ನಾಲ್ಕಾಯ್ತು, ಮೂವರೂ ಸಮ. ಇವರ ಎದುರಾಳಿಗಳನ್ನೂ ಕೂಡ್ಬೇಕು... ಹದಿನೇಳು.

ದರ್ಜಿ: ಇವನಿಗಾ? ಹೇಗ್ರೀ?

ಭಾವಮೈದ: ನಿಮ್ಮ ನಾಲ್ಕೂ ನನ್ನ ಲೆಕ್ಕದಲ್ಲೇ ಇದೆ ಭಾವ. ಬೆಳಿಗ್ಗೆ ನಿಮ್ಮಂಥ ಗಟ್ಟಿ ಆಸಾಮಿ ಹತ್ರ ಸೋತಿದ್ನಲ್ಲ!

ದರ್ಜಿ ಅಲ್ಲೇ ಕೂತು, ಉಳಿದಿದ್ದ ಟೀ ತಾನೇ ಕುಡಿದ.

ಭಾವಮೈದ: ಬೇಜಾರು ಮಾಡ್ಕೋಬೇಡಿ. ಕಪ್ಪು ನಿಮ್ಮ ಅಂಗಡಿಲೇ ಇರ್ಲಿ, ಹೇಗೂ ಅಕ್ಕ ಜಾಗ ಮಾಡಿದ್ದಾಳೆ. ನನ್ನ ಹೆಸರಿರೋ ಕಡೆ ಮಾತ್ರ ಗಿರಾಕಿಗಳಿಗೆ ಕಾಣ್ಬೇಕು.